ಎರಡನೇ ಭಾಗಕ್ಕೆ ಮೊದಲ ಭಾಗದ ನೆನಪು: ಫ್ಯಾಂಟಸಿ ಆರ್‌ಪಿಜಿ ಮುಂದುವರಿಕೆಗಳ ಕಥೆ ಮತ್ತು ಲೋಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಯಾಂಟಸಿ ಆರ್‌ಪಿಜಿಗಳ, ಅಂದರೆ ಒಂದು ಪಾತ್ರವನ್ನು ವಹಿಸಿಕೊಂಡು ಬೆಳೆಸುತ್ತ ಆಡುವ ವಿಡಿಯೊ ಗೇಮ್‌ಗಳ, ಎರಡನೇ, ಮೂರನೇ ಭಾಗಗಳ ಕಥೆಯ ಬಗ್ಗೆ ಮಾತುಕತೆಗಳಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಆಡುವವರ ಪ್ರಶ್ನೆಗಳು ಮೊದಲು ಬರುತ್ತವೆ, ಬರೆಯಲು ಹೊರಟವರ ಪ್ರಶ್ನೆಗಳು ಕೊನೆಗೆ. ಮೊದಲ ಭಾಗದಲ್ಲಿ ನಡೆದದ್ದು ಎರಡನೆಯದರ ಜಗತ್ತಿಗೆ ನೆನಪಿರಬೇಕು ಎಂಬುದೇ ನನ್ನ ಉತ್ತರಗಳ ಹಿಂದಿರುವ ಮಾತು. ಉತ್ತರಗಳಲ್ಲಿ ಹಲವು ಆಟಗಳ ಗುಟ್ಟು ಬಯಲಾಗುತ್ತದೆ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

## ಆಟ ಶುರುಮಾಡುವ ಮುನ್ನ

ಮೊದಲ ಭಾಗ ಆಡಿಲ್ಲ. ನೇರವಾಗಿ ಎರಡನೆಯದೋ ಮೂರನೆಯದೋ ಆಡಿದರೆ ತಲೆಬುಡ ಅರ್ಥವಾಗುತ್ತದೆಯೇ?

ಬಹುಮಟ್ಟಿಗೆ ಅರ್ಥವಾಗುತ್ತದೆ, ಏಕೆಂದರೆ ಆಡಲು ಬರುವವರಲ್ಲಿ ಹೊಸಬರೂ ಧಾರಾಳವಾಗಿ ಇರುತ್ತಾರೆ ಎಂಬುದು ತಯಾರಕರಿಗೆ ಚೆನ್ನಾಗಿ ಗೊತ್ತು. ‘ಬಾಲ್ಡರ್ಸ್ ಗೇಟ್’ ಸರಣಿಯ ಎರಡನೇ ಭಾಗ ಬಂದದ್ದು 2000ದಲ್ಲಿ, ಮೂರನೆಯದು 2023ರಲ್ಲಿ. ನಡುವೆ ಒಂದು ತಲೆಮಾರೇ ಬೆಳೆದು ನಿಂತಿತ್ತು. ಹಾಗಾಗಿ ಲೇರಿಯನ್ ಸಂಸ್ಥೆಯವರು ಕಥೆಯನ್ನು ನೂರಕ್ಕೂ ಹೆಚ್ಚು ವರ್ಷ ಮುಂದಕ್ಕೆ ಒಯ್ದು, ತಲೆಯೊಳಗೆ ಪರಾವಲಂಬಿ ಹುಳು ಸೇರಿಕೊಂಡ ಹೊಸ ನಾಯಕನನ್ನು ಮುಂದಿಟ್ಟು, ಹಿಂದಿನದು ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಮೊದಲ ಗಂಟೆಯ ಗೊಂದಲ ಒಂದೇ ಆಗುವಂತೆ ನೋಡಿಕೊಂಡರು. ಇದಕ್ಕೆ ತೀರಾ ವಿರುದ್ಧವಾದ ಉದಾಹರಣೆ 1982ರ ‘ವಿಜರ್ಡ್ರಿ’ ಎರಡನೇ ಭಾಗ: ಮೊದಲ ಆಟದಲ್ಲಿ ಬೆಳೆಸಿದ ಪಾತ್ರಗಳನ್ನು ತಂದರಷ್ಟೇ ಅದರೊಳಗೆ ಪ್ರವೇಶ.

ಹೊಸಬರು ಕಳೆದುಕೊಳ್ಳುವುದು ಕಥೆಯ ಅರ್ಥವನ್ನಲ್ಲ, ಅದರ ಭಾರವನ್ನು. ಮೂರನೇ ಭಾಗದಲ್ಲಿ ಜಹೀರಾ ಎದುರಾದಾಗ ಹೊಸಬರು ಒಬ್ಬ ಅನುಭವಿ ಹೋರಾಟಗಾರ್ತಿಯನ್ನು ನೋಡುತ್ತಾರೆ. ಹಳಬರು ತಮ್ಮ ಜೊತೆ ಕಾಡು ಸುತ್ತಿದವಳ ಮುಖದ ಮೇಲೆ ಒಂದು ಶತಮಾನವನ್ನೇ ಕಾಣುತ್ತಾರೆ.

ಲೋಕನಿರ್ಮಾಣ ಅಂದರೆ ಮ್ಯಾಪ್ ಮತ್ತು ರಾಜರ ಪಟ್ಟಿ ತಾನೇ? ಕಥೆಯಿಂದ ಅದನ್ನು ಬೇರೆ ಮಾಡಿ ಹೇಳುವುದೇಕೆ?

ಆಟಗಾರರು ಇರುವುದರಿಂದ ನಡೆಯುವುದು ಕಥೆ. ಅವರು ಇಲ್ಲದಿದ್ದರೂ ನಡೆಯುವುದು ಲೋಕ. ಯಾರು ಧಾನ್ಯ ಬೆಳೆಯುತ್ತಾರೆ, ಸುಂಕ ಯಾರ ಜೇಬಿಗೆ ಹೋಗುತ್ತದೆ, ಪುರೋಹಿತ ಯಾರಿಗೆ ಹೆದರುತ್ತಾನೆ ಎಂಬುವು ಲೋಕದ ಪ್ರಶ್ನೆಗಳು. ಮ್ಯಾಪ್ ಅದರ ಚರ್ಮ ಮಾತ್ರ. ಮೊದಲ ಆಟದಲ್ಲಿ ಲೋಕವು ಕಥೆಗೆ ಆಳಾಗಿ ದುಡಿದರೆ ನಡೆಯುತ್ತದೆ. ಎರಡನೆಯದರಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಕಥೆಯೇ ಲೋಕದ ಇತಿಹಾಸವಾಗಿರುತ್ತದೆ.

ಮೊದಲ ಆಟದ ಕೊನೆಯಲ್ಲಿ ಡ್ರ್ಯಾಗನ್ ಕೊಂದ ನನ್ನ ನಾಯಕ ಎರಡನೆಯದರ ಶುರುವಿನಲ್ಲಿ ಇಲಿ ಹೊಡೆಯಲು ಒದ್ದಾಡುವುದೇಕೆ?

ಲೆವೆಲ್ (ಪಾತ್ರದ ಶಕ್ತಿಯ ಮಟ್ಟ) ಏರುತ್ತ ಹೋಗುವ ಸುಖವೇ ಈ ಪ್ರಕಾರದ ಆಟಗಳ ಜೀವಾಳವಾದ್ದರಿಂದ, ಏರಲು ಎಲ್ಲಾದರೂ ಒಂದು ತಳ ಬೇಕಾಗುತ್ತದೆ. ಅದನ್ನು ಒದಗಿಸುವ ದಾರಿಗಳು ಕೆಲವೇ. ‘ಎಲ್ಡರ್ ಸ್ಕ್ರೋಲ್ಸ್’ ಸರಣಿ ನಾಯಕನನ್ನೇ ಬದಲಿಸುತ್ತದೆ: ‘ಮೊರೊವಿಂಡ್’, ‘ಅಬ್ಲಿವಿಯನ್’, ‘ಸ್ಕೈರಿಮ್’ ಮೂರರಲ್ಲೂ ನಾವು ಹೆಸರಿಲ್ಲದ ಕೈದಿಯಾಗಿಯೇ ಕಣ್ಣು ಬಿಡುತ್ತೇವೆ. 1998ರ ‘ಬಾಲ್ಡರ್ಸ್ ಗೇಟ್’ ಅನುಭವದ ಅಂಕಗಳಿಗೆ 89,000ದ ಮಿತಿ ಹಾಕಿ ಎರಡನೇ ಭಾಗವನ್ನು ಅಲ್ಲಿಂದಲೇ ಮುಂದುವರಿಸಿತು. ಆಟಗಾರರಿಗೆ ಅತ್ಯಂತ ಮರ್ಯಾದೆ ಕೊಟ್ಟ ದಾರಿ ಇದೇ ಎಂದು ನನಗೆ ಅನ್ನಿಸುತ್ತದೆ.

ಮೂರನೆಯ ದಾರಿ, ಶಕ್ತಿಯನ್ನು ಕಿತ್ತುಕೊಳ್ಳುವುದು. 2018ರ ‘ಪಿಲ್ಲರ್ಸ್ ಆಫ್ ಇಟರ್ನಿಟಿ 2: ಡೆಡ್‌ಫೈರ್’ನಲ್ಲಿ ನಾಯಕನ ಕೋಟೆಯ ಅಡಿಯಲ್ಲಿದ್ದ ದೈತ್ಯ ಪ್ರತಿಮೆಯೊಳಗೆ ದೇವರೊಬ್ಬ ಹೊಕ್ಕು, ಎದ್ದು, ಕೋಟೆಯನ್ನು ಪುಡಿಮಾಡಿ, ನಾಯಕನ ಆತ್ಮದ ಒಂದು ತುಂಡನ್ನೂ ಒಯ್ದುಬಿಡುತ್ತಾನೆ. ಕಳೆದುಹೋದ ಲೆವೆಲ್‌ಗಳೇ ಕಥೆಯ ಮೊದಲ ಘಟನೆಯಾಗುವುದರಿಂದ ಅಲ್ಲಿ ಯಾರೂ ‘ಏಕೆ’ ಎಂದು ಕೇಳುವುದಿಲ್ಲ, ‘ಅವನನ್ನು ಹಿಡಿಯುವುದು ಹೇಗೆ’ ಎಂದು ಕೇಳುತ್ತಾರೆ. ನಷ್ಟಕ್ಕೆ ಕಾರಣನಾದ ಒಬ್ಬ ಇರಬೇಕು. ತಲೆಗೆ ಪೆಟ್ಟು ಬಿದ್ದು ಎಲ್ಲ ಮರೆತುಹೋಯಿತು ಎನ್ನುವ ನಾಯಕರನ್ನು ನಾವು ಬೇಕಾದಷ್ಟು ನೋಡಿಯಾಗಿದೆ.

ಹಳೆಯ ಮ್ಯಾಪನ್ನೇ ಮತ್ತೆ ಕೊಟ್ಟರೆ ಅದು ಮೋಸ ಅಲ್ಲವೇ?

ಜಾಗ ಹಳೆಯದು ಎಂಬುದು ದೋಷವಲ್ಲ, ಆ ಜಾಗದಲ್ಲಿ ಏನೂ ಆಗಿಲ್ಲ ಎಂಬುದು ದೋಷ. 2017ರ ‘ಬ್ರೆತ್ ಆಫ್ ದ ವೈಲ್ಡ್’ನ ಹೈರೂಲ್ ದೇಶವನ್ನೇ 2023ರ ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ ಮರಳಿ ಬಳಸಿತು. ಮೇಲೆ ತೇಲುವ ದ್ವೀಪಗಳನ್ನೂ ಕೆಳಗೆ ಕತ್ತಲ ಪಾತಾಳವನ್ನೂ ಸೇರಿಸಿದ್ದನ್ನು ಎಲ್ಲರೂ ಹೊಗಳಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಊರುಗಳು. ಹಿಂದೆ ನೆಮ್ಮದಿಯಾಗಿದ್ದ ಕಡಲತೀರದ ಲ್ಯುರೆಲಿನ್ ಕಡಲ್ಗಳ್ಳರ ಪಾಲಾಗಿ ಹಾಳುಬಿದ್ದಿದೆ, ಕೃಷಿಯ ಹಟೇನೊದಲ್ಲಿ ಊರಿನ ಮುಖ್ಯಸ್ಥನಿಗೂ ಅಣಬೆ ಟೋಪಿಗಳ ಫ್ಯಾಷನ್ ತಂದವಳಿಗೂ ಚುನಾವಣೆಯ ಜಗಳ ನಡೆದಿದೆ.

ಅದೇ ಅಳತೆಗೋಲಿನಲ್ಲಿ 2011ರ ‘ಡ್ರ್ಯಾಗನ್ ಏಜ್ 2’ ಅರ್ಧ ಗೆದ್ದು ಅರ್ಧ ಸೋತಿತು. ಕರ್ಕ್‌ವಾಲ್ ಎಂಬ ಒಂದೇ ನಗರವನ್ನು ವರ್ಷಗಳ ಉದ್ದಕ್ಕೂ ತೋರಿಸುವ ಯೋಚನೆ ಬಹಳ ಒಳ್ಳೆಯದು; ಆದರೆ ಒಂದೇ ಗುಹೆಯ ಬೇರೆ ಬೇರೆ ಬಾಗಿಲುಗಳನ್ನು ಮುಚ್ಚಿ ಹತ್ತು ಹೆಸರಿನಿಂದ ಕರೆದದ್ದನ್ನು ಆಟಗಾರರು ಇಂದಿಗೂ ಕ್ಷಮಿಸಿಲ್ಲ.

## ಆಯ್ಕೆ, ಅಂತ್ಯ, ಖಳ

ನಾನು ಮೊದಲ ಆಟದಲ್ಲಿ ಮಾಡಿದ ಆಯ್ಕೆಗಳು ಎರಡನೆಯದರಲ್ಲಿ ನಿಜವಾಗಿಯೂ ಲೆಕ್ಕಕ್ಕೆ ಬರುತ್ತವೆಯೇ, ಅಥವಾ ಕಣ್ಣೊರೆಸುವ ಆಟವೇ?

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಹೌದು ಅಥವಾ ಇಲ್ಲ ಎಂಬ ಹತ್ತು ಆಯ್ಕೆಗಳಿದ್ದರೆ ಮುಂದಿನ ಭಾಗವು 1,024 ಬಗೆಯ ಲೋಕಗಳಿಗೆ ಉತ್ತರಿಸಬೇಕು, ಇಪ್ಪತ್ತಿದ್ದರೆ 10,48,576. ಇಷ್ಟನ್ನು ಬರೆಯುವ ತಂಡ ಭೂಮಿಯ ಮೇಲಿಲ್ಲ. ಆದ್ದರಿಂದ ಪ್ರತಿ ಆಯ್ಕೆಯನ್ನೂ ಮೂರು ತೂಕಗಳಲ್ಲಿ ಒಂದಕ್ಕೆ ಹಾಕುತ್ತಾರೆ. ಹೆಚ್ಚಿನವಕ್ಕೆ ಒಂದು ಪತ್ರವೋ ಬೀದಿಯಲ್ಲಿ ಯಾರೋ ಆಡುವ ಒಂದು ಮಾತೋ ಸಿಗುತ್ತದೆ. ಕೆಲವಕ್ಕೆ ಬದಲಿ ಪಾತ್ರ ಸಿಗುತ್ತದೆ, ಅಂದರೆ ನೀವು ಸಾಯಲು ಬಿಟ್ಟವನ ಕೆಲಸವನ್ನು ಬೇರೊಬ್ಬ ಮಾಡುತ್ತಾನೆ. ಬೆರಳೆಣಿಕೆಯಷ್ಟಕ್ಕೆ ಮಾತ್ರ ನಿಜಕ್ಕೂ ಬೇರೆಯಾದ ಪ್ರಸಂಗ ಸಿಗುತ್ತದೆ.

ಇದರ ಮಿತಿಯನ್ನು ‘ದಿ ವಿಚರ್’ ಸರಣಿಯಲ್ಲಿ ಸ್ಪಷ್ಟವಾಗಿ ನೋಡಬಹುದು. 2011ರ ಎರಡನೇ ಭಾಗದಲ್ಲಿ ರೋಶ್ ಮತ್ತು ಇಯೋರ್ವೆತ್ ಎಂಬಿಬ್ಬರಲ್ಲಿ ಯಾರ ಪಕ್ಷ ಹಿಡಿದಿರಿ ಎಂಬುದರ ಮೇಲೆ ಇಡೀ ಎರಡನೇ ಅಧ್ಯಾಯವೇ ಬದಲಾಗುತ್ತದೆ: ಒಂದು ದಾರಿಯಲ್ಲಿ ಸೇನೆಯ ಬಿಡಾರ, ಇನ್ನೊಂದರಲ್ಲಿ ಅದೇ ಸೇನೆ ಮುತ್ತಲು ಬಂದ ಪಟ್ಟಣ. ಒಂದೇ ಆಟದೊಳಗೆ ಇಂಥ ಧೈರ್ಯವನ್ನು ಬೇರೆಯವರು ತೋರಿದ್ದು ಕಡಿಮೆ. ಆದರೆ 2015ರ ಮೂರನೇ ಭಾಗದಲ್ಲಿ ಇಯೋರ್ವೆತ್ ಕಾಣಿಸಿಕೊಳ್ಳುವುದೇ ಇಲ್ಲ. ಆ ದೊಡ್ಡ ಕವಲು ಮುಂದಿನ ಆಟದಲ್ಲಿ ಸದ್ದಿಲ್ಲದೆ ಕೂಡಿಕೊಂಡಿತು.

ಹಳೆಯ ಆಯ್ಕೆಗಳನ್ನು ಹೊಸ ಆಟಕ್ಕೆ ದಾಟಿಸುವ ವಿಧಾನಗಳೂ ಬದಲಾಗುತ್ತ ಬಂದಿವೆ. ಹಿಂದಿನ ಆಟ ಎಲ್ಲಿಗೆ ಬಂದಿತ್ತು ಎಂಬುದನ್ನು ಕಾಪಿಟ್ಟ ಹಳೆಯ ಸೇವ್ ಫೈಲನ್ನು ನೇರವಾಗಿ ಓದುವುದು ಒಂದು. ಆಡುತ್ತಲೇ ಕೇಳುವುದು ಇನ್ನೊಂದು: ‘ವಿಚರ್ 3’ರಲ್ಲಿ ನಾಯಕ ಗೆರಾಲ್ಟ್ ಗಡ್ಡ ಬೋಳಿಸಿಕೊಳ್ಳುತ್ತ ಕುಳಿತಿರುವಾಗ ಸೇನಾಧಿಕಾರಿಯೊಬ್ಬ ಹಿಂದಿನ ಘಟನೆಗಳ ಬಗ್ಗೆ ವಿಚಾರಣೆ ನಡೆಸುತ್ತಾನೆ, ನಿಮ್ಮ ಉತ್ತರವೇ ಇತಿಹಾಸವಾಗುತ್ತದೆ. ಮೆನುವಿನ ಹತ್ತು ಚೌಕಗಳಿಗಿಂತ ಇದು ಎಷ್ಟೋ ಲೇಸು. ‘ಡ್ರ್ಯಾಗನ್ ಏಜ್’ ತಂಡದವರು 2014ರಲ್ಲಿ ‘ಕೀಪ್’ ಎಂಬ ಜಾಲತಾಣವನ್ನೇ ಕಟ್ಟಿ, ಹಿಂದಿನ ಎರಡು ಆಟಗಳ ಸಣ್ಣಪುಟ್ಟ ನಿರ್ಧಾರಗಳನ್ನೂ ಅಲ್ಲಿ ದಾಖಲಿಸಲು ಬಿಟ್ಟರು. 2024ರ ‘ದ ವೇಲ್‌ಗಾರ್ಡ್’ ಬರುವ ಹೊತ್ತಿಗೆ ಅದನ್ನು ಬದಿಗಿಟ್ಟು, ಸರಣಿಯ ಮೂರನೇ ಭಾಗವಾದ ‘ಇಂಕ್ವಿಸಿಷನ್’ನಿಂದ ಮೂರೇ ಆಯ್ಕೆಗಳನ್ನು ಕೇಳಿದರು. ಮೂರನ್ನೇ ಕೇಳುವುದು ತಪ್ಪಲ್ಲ. ಮೂರು ಆಟಗಳ ಉದ್ದಕ್ಕೂ ‘ಎಲ್ಲವೂ ನೆನಪಿರುತ್ತದೆ’ ಎಂಬ ಭರವಸೆ ಬೆಳೆಸಿದ ಮೇಲೆ ಮೂರನ್ನೇ ಕೇಳಿದ್ದರಿಂದ ಜನ ಸಿಟ್ಟಾದರು.

ಐದಾರು ಅಂತ್ಯಗಳಿದ್ದ ಆಟಕ್ಕೆ ಮುಂದಿನ ಭಾಗ ಬಂದರೆ ಯಾವ ಅಂತ್ಯ ನಿಜ ಎಂದುಕೊಳ್ಳಬೇಕು?

ತಯಾರಕರು ಒಂದನ್ನು ಅಧಿಕೃತವೆಂದು ಘೋಷಿಸಬಹುದು, ದೂರದ ಸೀಮೆಗೆ ಹೋಗಿ ಸುದ್ದಿಯೇ ಬರದಂತೆ ಮಾಡಬಹುದು, ಅಥವಾ ಶತಮಾನಗಳನ್ನು ಹಾರಿಬಿಡಬಹುದು. ‘ಸ್ಕೈರಿಮ್’ ನಡೆಯುವುದು ‘ಅಬ್ಲಿವಿಯನ್’ ಕಳೆದು ಸುಮಾರು 200 ವರ್ಷಗಳ ನಂತರ. ‘ಫೇಬಲ್ 2’ ನಡೆಯುವುದು ಮೊದಲ ಭಾಗದ 500 ವರ್ಷಗಳ ನಂತರ. ಕಾಲ ಹಾರುವುದು ಸುಲಭ, ಅದರ ಬೆಲೆ ಆಮೇಲೆ ಗೊತ್ತಾಗುತ್ತದೆ. ಐನೂರು ವರ್ಷ ಕಳೆದಿದ್ದರೆ ಬಟ್ಟೆ, ಆಯುಧ, ಮಾತು ಎಲ್ಲ ಬದಲಾಗಿರಬೇಕು; ‘ಫೇಬಲ್ 2’ ಕನಿಷ್ಠ ಬಂದೂಕುಗಳನ್ನಾದರೂ ತಂದಿತು.

ಎಲ್ಲಕ್ಕಿಂತ ತುಂಟತನದ ಉತ್ತರ ‘ಎಲ್ಡರ್ ಸ್ಕ್ರೋಲ್ಸ್’ ಸರಣಿಯ 1996ರ ‘ಡ್ಯಾಗರ್‌ಫಾಲ್’ ಆಟದ್ದು. ಒಂದಕ್ಕೊಂದು ಹೊಂದದ ಅದರ ಹಲವು ಅಂತ್ಯಗಳಲ್ಲಿ ಯಾವುದು ನಿಜ ಎಂದರೆ, ಎಲ್ಲವೂ ನಿಜ ಎಂದು ಮುಂದಿನ ಆಟಗಳು ಹೇಳಿದವು: ಕಾಲವೇ ಮುರಿದು, ಎಲ್ಲ ಅಂತ್ಯಗಳೂ ಒಟ್ಟಿಗೆ ನಡೆದು, ಹತ್ತಾರು ಪುಟ್ಟ ಸಂಸ್ಥಾನಗಳಿದ್ದ ಆ ಸೀಮೆಯಲ್ಲಿ ಬೆಳಗಾಗುವಷ್ಟರಲ್ಲಿ ನಾಲ್ಕೇ ರಾಜ್ಯಗಳು ಉಳಿದಿದ್ದವು. ಈ ವಿದ್ಯೆಯನ್ನು ಒಂದು ಸರಣಿ ಒಮ್ಮೆ ಮಾತ್ರ ಬಳಸಬಹುದು.

ಎರಡನೇ ಭಾಗದ ಖಳ ಮೊದಲಿನವನಿಗಿಂತ ದೊಡ್ಡವನಾಗಲೇಬೇಕೇ?

ಬೇಕಿಲ್ಲ. ಮೊದಲು ಊರಿಗೆ ಗಂಡಾಂತರ, ಆಮೇಲೆ ದೇಶಕ್ಕೆ, ಆಮೇಲೆ ಜಗತ್ತಿಗೆ ಎಂದು ಏರಿಸುತ್ತ ಹೋದರೆ ಮೂರನೇ ಭಾಗಕ್ಕೆ ಏಣಿಯ ಮೆಟ್ಟಿಲುಗಳೇ ಮುಗಿದಿರುತ್ತವೆ. ನಾಯಕನ ಗೆಲುವಿನೊಳಗಿಂದಲೇ ಖಳ ಹುಟ್ಟುವುದು ಇದಕ್ಕಿಂತ ಗಟ್ಟಿಯಾದ ದಾರಿ, ಮತ್ತು ಅದನ್ನು ಬಹಳ ಹಿಂದೆಯೇ ಒಬ್ಬರು ನಡೆದು ತೋರಿಸಿದ್ದಾರೆ. 1985ರ ‘ಅಲ್ಟಿಮಾ 4’ರಲ್ಲಿ ಕೊಲ್ಲಬೇಕಾದ ಖಳನೇ ಇಲ್ಲ, ಎಂಟು ಸದ್ಗುಣಗಳನ್ನು ಬದುಕಿ ತೋರಿಸುವುದೇ ಆಟಗಾರರ ಗುರಿ. 1988ರ ಐದನೇ ಭಾಗಕ್ಕೆ ಮರಳಿದರೆ ರಾಜ ಕಾಣೆಯಾಗಿದ್ದಾನೆ, ಅವನ ಜಾಗದಲ್ಲಿ ಕುಳಿತ ಬ್ಲ್ಯಾಕ್‌ಥಾರ್ನ್ ಅದೇ ಎಂಟು ಸದ್ಗುಣಗಳನ್ನು ಶಾಸನ ಮಾಡಿದ್ದಾನೆ: ಸುಳ್ಳು ಹೇಳಿದರೆ ನಾಲಿಗೆ ಹೋಗುತ್ತದೆ, ಆದಾಯದ ಅರ್ಧ ದಾನ ಮಾಡದಿದ್ದರೆ ಆದಾಯವೇ ಹೋಗುತ್ತದೆ. ಹಿಂದಿನ ಆಟದಲ್ಲಿ ನೀವು ಪ್ರೀತಿಯಿಂದ ಕಲಿತದ್ದೇ ಈಗ ಜನರ ಕುತ್ತಿಗೆಗೆ ಬಂದಿರುತ್ತದೆ. ಇದಕ್ಕಿಂತ ಭಯಂಕರ ರಾಕ್ಷಸನನ್ನು ನಾನು ಯಾವ ಮುಂದುವರಿಕೆಯಲ್ಲೂ ಕಂಡಿಲ್ಲ.

ಹಳೆಯ ಸಂಗಾತಿಗಳನ್ನು ಶುರುವಿನಲ್ಲೇ ಕೊಂದುಬಿಡುತ್ತಾರಲ್ಲ, ಏಕೆ?

ಅಗ್ಗವಾಗಿ ಗಂಭೀರತೆ ಸಿಗುತ್ತದೆ ಎಂದು. ‘ಬಾಲ್ಡರ್ಸ್ ಗೇಟ್ 2’ರ ಮೊದಲ ನೆಲಮಾಳಿಗೆಯಲ್ಲೇ ಖಾಲಿದ್ ಮತ್ತು ಡೈನಾಹೀರ್ ಸತ್ತಿರುತ್ತಾರೆ. ಆದರೂ ಅಲ್ಲಿ ಅದು ಸಲ್ಲುತ್ತದೆ, ಏಕೆಂದರೆ ಖಾಲಿದನ ಹೆಂಡತಿ ಜಹೀರಾ ಮತ್ತು ಡೈನಾಹೀರಳ ಅಂಗರಕ್ಷಕ ಮಿನ್ಸ್ಕ್ ಆಟದುದ್ದಕ್ಕೂ ನಮ್ಮ ಜೊತೆಗೇ ನಡೆಯಬಹುದು. ದುಃಖಿಸಲು ಯಾರೂ ಉಳಿಯದ ಸಾವು ಬರೀ ಲೆಕ್ಕದ ಸಾವು.

ಮುಖ್ಯ ಕಥೆ ‘ಓಡು, ಓಡು’ ಎನ್ನುತ್ತದೆ, ನಾನು ಹೆಂಡದಂಗಡಿಯಲ್ಲಿ ಕಾರ್ಡ್ ಆಡುತ್ತ ಕೂತಿರುತ್ತೇನೆ. ಇದು ಕಥೆಯ ಸೋಲಲ್ಲವೇ?

ಸೋಲೇ. ತೆರೆದ ಲೋಕದ ಆಟಗಳೆಲ್ಲ ಸ್ವಲ್ಪ ಸ್ವಲ್ಪ ಸೋಲುತ್ತವೆ, ಆಟಗಾರರು ಪ್ರೀತಿಯಿಂದ ಸಹಿಸಿಕೊಳ್ಳುತ್ತಾರೆ. ‘ವಿಚರ್ 3’ರಲ್ಲಿ ಮಗಳಂತಿರುವ ಸಿರಿಯನ್ನು ಹುಡುಕಬೇಕಾದ ಗೆರಾಲ್ಟ್ ಗ್ವೆಂಟ್ ಕಾರ್ಡ್‌ಗಳ ಹಿಂದೆ ವಾರಗಟ್ಟಲೆ ಅಲೆಯಬಹುದು. ತುರ್ತನ್ನು ಗಡಿಯಾರದಿಂದ ಬೇರ್ಪಡಿಸುವುದೇ ಇದಕ್ಕೆ ಒಳ್ಳೆಯ ಪರಿಹಾರ: ‘ನಾಳೆ ಬೆಳಗಿನೊಳಗೆ’ ಎನ್ನುವ ಬದಲು ‘ಅವಳ ಜಾಡು ಎಲ್ಲಿಯೂ ಸಿಗುತ್ತಿಲ್ಲ’ ಎನ್ನುವ ಕಥೆಯಲ್ಲಿ ಅಲೆದಾಟವೂ ಹುಡುಕಾಟದಂತೆ ಕಾಣುತ್ತದೆ. ಆ ಆಟದ ಮೊದಲ ಅರ್ಧ ಹೀಗಿದೆ, ಅದಕ್ಕೇ ಅದು ಎರಡನೇ ಅರ್ಧಕ್ಕಿಂತ ಚೆನ್ನಾಗಿದೆ.

## ಸ್ವತಃ ಬರೆಯುವವರಿಗೆ

ಹಿಂದಿನ ಭಾಗದ ಕಥೆಯನ್ನು ಹೊಸಬರಿಗೆ ಹೇಳಬೇಕು. ಆದರೆ ಬರೆದರೆ ಪಾತ್ರಗಳು ತಮಗೆ ಗೊತ್ತಿರುವುದನ್ನೇ ಒಬ್ಬರಿಗೊಬ್ಬರು ಪಾಠ ಒಪ್ಪಿಸಿದಂತೆ ಕಾಣುತ್ತದೆ. ಏನು ಮಾಡಲಿ?

ಕೇಳುವವರಿಗೆ ಕೇಳಲು ಒಂದು ಕಾರಣ ಕೊಡಿ, ಹೇಳುವವರಿಗೆ ಸುಳ್ಳು ಹೇಳಲು ಒಂದು ಕಾರಣ ಕೊಡಿ. ‘ಡ್ರ್ಯಾಗನ್ ಏಜ್ 2’ ಇಡೀ ಕಥೆಯನ್ನು ವ್ಯಾರಿಕ್ ಎಂಬ ಕುಳ್ಳನ ಬಾಯಲ್ಲಿ, ಅವನನ್ನು ವಿಚಾರಣೆಗೆ ಕೂರಿಸಿದ ಕಸಾಂಡ್ರಾಳ ಎದುರು ಹೇಳಿಸುತ್ತದೆ. ಶುರುವಿನಲ್ಲೇ ಅವನು ನಾಯಕನ ಪರಾಕ್ರಮವನ್ನು ಬಾಯಿಗೆ ಬಂದಂತೆ ಏರಿಸಿ ಹೇಳುತ್ತಾನೆ, ಅವಳು ತಡೆದು ನಿಜ ಹೇಳು ಎನ್ನುತ್ತಾಳೆ. ಮಾಹಿತಿ ಅಲ್ಲಿ ಜಗಳದ ವೇಷದಲ್ಲಿ ಬರುತ್ತದೆ. ಹಿಂದಿನ ಕಥೆಯಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಹೊಸಬರಿಗೆ ಬೇಕಾಗುವುದಿಲ್ಲ ಎಂಬುದು ನನ್ನ ಅಂದಾಜು. ಉಳಿದದ್ದು ಬರೆಯುವವರ ಮೋಹ.

ನಮ್ಮ ಬಳಿ ನೂರಾರು ಪುಟ ಲೋರ್ (ಲೋಕದ ಹಿನ್ನೆಲೆಯ ಬರಹ) ಇದೆ. ಅದನ್ನು ಆಟದಲ್ಲಿ ಎಲ್ಲಿ ಇಡಬೇಕು?

ಯಾರಾದರೂ ಅದನ್ನು ಇಟ್ಟುಕೊಂಡಿರಬಹುದಾದ ಕಡೆ ಇಡಿ. ‘ಡಾರ್ಕ್ ಸೋಲ್ಸ್’ ಸರಣಿ ಒಂದು ಉಂಗುರದ ವಿವರಣೆಯ ಎರಡು ಸಾಲಿನಲ್ಲಿ ಒಂದು ರಾಜವಂಶದ ಅಳಿವನ್ನು ಹೇಳುತ್ತದೆ, ಆ ಉಂಗುರ ಸಿಕ್ಕ ಶವದ ಜಾಗ ಉಳಿದದ್ದನ್ನು ಹೇಳುತ್ತದೆ. ‘ಮೊರೊವಿಂಡ್’ ಇನ್ನೊಂದು ಪಾಠ ಕಲಿಸುತ್ತದೆ: ನೆರೆವಾರ್ ಎಂಬ ವೀರ ಹೇಗೆ ಸತ್ತ ಎಂಬುದನ್ನು ದೇವಾಲಯದವರ ಗ್ರಂಥ ಒಂದು ರೀತಿ ಹೇಳಿದರೆ, ಬೂದಿ ಬಯಲಿನ ಅಲೆಮಾರಿಗಳ ಪರಂಪರೆ ಬೇರೊಂದು ರೀತಿ ಹೇಳುತ್ತದೆ, ಮತ್ತು ಆಟವು ತೀರ್ಪು ಕೊಡುವುದಿಲ್ಲ. ಪ್ರತಿ ಲೋರ್ ತುಣುಕಿನ ಕೆಳಗೂ ಬರೆದವರ ಹೆಸರು ಮತ್ತು ಸ್ವಾರ್ಥ ನಿಮಗೆ ಗೊತ್ತಿದ್ದರೆ ಮುಂದಿನ ಭಾಗದಲ್ಲಿ ಅದನ್ನು ತಿದ್ದುವುದಕ್ಕೂ ಜಾಗವಿರುತ್ತದೆ.

ಒಮ್ಮೆ ಬರೆದ ಲೋರ್ ಈಗ ತಪ್ಪೆನಿಸುತ್ತಿದೆ. ಬದಲಿಸಬಹುದೇ?

ಬದಲಿಸಬಹುದು. ಹಳೆಯ ಬರಹಗಳಲ್ಲಿ ದಟ್ಟ ಉಷ್ಣಕಾಡು ಎನಿಸಿಕೊಂಡಿದ್ದ ಸಿರೊಡಿಲ್ ಪ್ರಾಂತ 2006ರ ‘ಅಬ್ಲಿವಿಯನ್’ನಲ್ಲಿ ತಂಪಾದ ಹುಲ್ಲುಗಾವಲಾಗಿ ಕಾಣಿಸಿತು, ಸರಣಿಯು ಆಮೇಲೆ ಅದನ್ನು ದೇವರಾದ ಚಕ್ರವರ್ತಿಯೊಬ್ಬನ ಪವಾಡದ ಲೆಕ್ಕಕ್ಕೆ ಬರೆಯಿತು. ಕೆಲಸ ನಡೆಯಿತು, ಆದರೆ ಹೊಲಿಗೆ ಕಾಣುತ್ತದೆ.

ಘಟನೆಯನ್ನು ಹಾಗೆಯೇ ಉಳಿಸಿ ಅದಕ್ಕೆ ಹೊಸ ಸಾಕ್ಷಿಯನ್ನು ತರುವುದು ನನಗೆ ಮೆಚ್ಚುಗೆಯಾದ ವಿಧಾನ. 1990ರ ‘ಅಲ್ಟಿಮಾ 6’ರಲ್ಲಿ ರೆಕ್ಕೆಯ ಗಾರ್ಗೋಯ್ಲ್‌ಗಳು ಜನರ ಮೇಲೆ ಬಿದ್ದಿರುತ್ತಾರೆ, ಆಟಗಾರರು ಅವರನ್ನು ರಾಕ್ಷಸರೆಂದೇ ಕೊಲ್ಲುತ್ತ ಹೋಗುತ್ತಾರೆ. ಆಮೇಲೆ ತಿಳಿಯುವುದೇನೆಂದರೆ, ನಾಲ್ಕನೇ ಭಾಗದ ಕೊನೆಯಲ್ಲಿ ನಾಯಕನು ಪವಿತ್ರ ಗ್ರಂಥವನ್ನು ಪಡೆದದ್ದರಿಂದಲೇ ಅವರ ಲೋಕ ಕುಸಿಯತೊಡಗಿತ್ತು, ಮತ್ತು ಅವರ ಭವಿಷ್ಯವಾಣಿಯ ಸುಳ್ಳು ಪ್ರವಾದಿ ನೀವೇ. ಒಂದು ಅಕ್ಷರವನ್ನೂ ಅಳಿಸದೆ ಐದು ವರ್ಷದ ಹಿಂದಿನ ಗೆಲುವಿನ ಅರ್ಥವನ್ನೇ ತಿರುಗಿಸಿದ ಕೌಶಲ ಅದು.

‘ಜಗತ್ತಿಗೆ ನೆನಪಿರಬೇಕು’ ಎನ್ನುತ್ತೀರಿ. ಒಂದು ಕ್ವೆಸ್ಟ್‌ನ (ಆಟಗಾರರಿಗೆ ಒಪ್ಪಿಸುವ ಒಂದು ಕೆಲಸದ) ಮಟ್ಟದಲ್ಲಿ ಅದನ್ನು ಮಾಡುವುದು ಹೇಗೆ? ಉದಾಹರಣೆ ಕೊಡಿ.

ಮೊದಲ ಆಟದಲ್ಲಿ ಒಂದು ನದಿ, ಅದಕ್ಕೊಂದು ಕಲ್ಲಿನ ಸೇತುವೆ ಇತ್ತು ಎಂದುಕೊಳ್ಳಿ. ಶತ್ರುಸೇನೆ ದಾಟದಂತೆ ನಾಯಕ ಅದನ್ನು ಉರುಳಿಸಬಹುದಿತ್ತು, ಅಥವಾ ಉಳಿಸಿ ಎದುರು ನಿಂತು ಕಾದಬಹುದಿತ್ತು. ಎರಡನೇ ಭಾಗ ಇಪ್ಪತ್ತು ವರ್ಷಗಳ ನಂತರ ಶುರುವಾಗುತ್ತದೆ.

ಸೇತುವೆ ಉರುಳಿದ್ದ ಲೋಕದಲ್ಲಿ ದೋಣಿಯವರು ಶ್ರೀಮಂತರಾಗಿದ್ದಾರೆ. ಅಲ್ಲಿಯವರೆಗೆ ಊರಾಚೆ ವಾಸವಿದ್ದವರು ಈಗ ಪಂಚಾಯಿತಿಯ ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಹೊಸ ಸೇತುವೆಯ ಮಾತೆತ್ತಿದವರ ಬಾಯಿ ಮುಚ್ಚಿಸುತ್ತಾರೆ. ಆಚೆ ದಡದ ಮಾತಿನ ಧಾಟಿಯೇ ಬೇರೆಯಾಗಿದೆ. ಒಬ್ಬಳು ದೋಣಿಗೆ ನಾಯಕನ ಹೆಸರಿಟ್ಟಿದ್ದಾಳೆ; ಅದೇ ದೋಣಿಗೆ ಕಾಸು ಸಾಲದೆ ಆಚೆ ದಡದ ಮಗನ ಅಂತ್ಯಕ್ರಿಯೆಗೆ ಹೋಗಲಾಗದ ಮುದುಕಿಯೊಬ್ಬಳು ಆ ಹೆಸರು ಕೇಳಿದರೆ ಉಗಿಯುತ್ತಾಳೆ. ಸೇತುವೆ ಉಳಿದಿದ್ದ ಲೋಕದಲ್ಲಿ ಅದೇ ದಡದಲ್ಲಿ ಕಾವಲು ಠಾಣೆ ಎದ್ದಿದೆ, ಸುಂಕದ ಕಟ್ಟೆ ಬಂದಿದೆ, ದೋಣಿಯವರ ಮಕ್ಕಳು ಸೈನಿಕರಾಗಿದ್ದಾರೆ, ಆ ಕಾದಾಟದಲ್ಲಿ ಮಗನನ್ನು ಕಳೆದುಕೊಂಡ ಅದೇ ಮುದುಕಿ ಪ್ರತಿ ವರ್ಷ ಸೇತುವೆಯ ಮೇಲೆ ದೀಪ ಇಡುತ್ತಾಳೆ.

ಕ್ವೆಸ್ಟ್ ಎರಡರಲ್ಲೂ ಒಂದೇ: ಮುದುಕಿಯನ್ನು ಆಚೆ ದಡಕ್ಕೆ ಕರೆದೊಯ್ಯಬೇಕು. ಜಾಗ ಒಂದೇ, ಪಾತ್ರಗಳ ಮುಖಗಳೂ ಒಂದೇ, ಧ್ವನಿಮುದ್ರಣದ ಖರ್ಚು ಸುಮಾರು ಒಂದೂವರೆ ಪಟ್ಟು ಮಾತ್ರ. ಆದರೆ ಅಡ್ಡಿ ಯಾರು ಮತ್ತು ಏಕೆ ಎಂಬುದು ಪೂರ್ತಿ ಬೇರೆ. ಗಮನಿಸಿ, ಎರಡು ಲೋಕಗಳಲ್ಲೂ ಯಾರೋ ಗಳಿಸಿದ್ದಾರೆ, ಯಾರೋ ಕಳೆದುಕೊಂಡಿದ್ದಾರೆ. ಒಂದು ಆಯ್ಕೆಗೆ ಹಾರ, ಇನ್ನೊಂದಕ್ಕೆ ಶಾಪ ಎಂದು ಬರೆದರೆ ಆಟಗಾರರು ಸೇವ್ ಫೈಲಿಗೆ ಓಡಿಹೋಗಿ ‘ಸರಿ’ ಉತ್ತರ ತುಂಬಿಕೊಂಡು ಬರುತ್ತಾರೆ. ನಾಯಕನ ಪ್ರತಿಮೆ ನಿಲ್ಲಿಸುವ ಆಸೆ ಬರುತ್ತದೆ. ನಿಲ್ಲಿಸುವುದಾದರೆ ಮೂಗು ಮುರಿದಿರಲಿ, ಅದನ್ನು ಮುರಿದವರು ಯಾರು ಎಂಬುದು ನಿಮಗೆ ಗೊತ್ತಿರಲಿ.

ಮೂರನೇ ಭಾಗಕ್ಕೆ ಕೊಂಡಿ ಬಿಟ್ಟು ಮುಗಿಸಬೇಕೇ, ಅಥವಾ ಪೂರ್ತಿ ಮುಗಿಸಿಬಿಡಬೇಕೇ?

ಲೋಕವನ್ನು ತೆರೆದಿಡಿ, ಕಥೆಯನ್ನು ಮುಚ್ಚಿ. 2015ರ ‘ಟ್ರೆಸ್‌ಪಾಸರ್’ ಎಂಬ ಸೇರ್ಪಡೆಯು ‘ಇಂಕ್ವಿಸಿಷನ್’ ಕಥೆಯನ್ನು, ನಾಯಕನ ಸಂಗಾತಿಯಾಗಿದ್ದ ಸೋಲಾಸ್ ಏನು ಮಾಡಲಿದ್ದಾನೆ ಎಂಬ ದೊಡ್ಡ ಪ್ರಶ್ನೆಯ ಮೇಲೆ ನಿಲ್ಲಿಸಿತು. ಉತ್ತರ ಸಿಕ್ಕಿದ್ದು 2024ರಲ್ಲಿ. ಒಂಬತ್ತು ವರ್ಷಗಳಲ್ಲಿ ಬರೆಯುವವರು ಬದಲಾಗುತ್ತಾರೆ, ಯಂತ್ರಗಳು ಬದಲಾಗುತ್ತವೆ, ಕಾಯುತ್ತಿರುವವರು ತಮ್ಮ ತಲೆಯಲ್ಲೇ ಇನ್ನೂ ಒಳ್ಳೆಯ ಉತ್ತರವೊಂದನ್ನು ಬರೆದುಕೊಂಡಿರುತ್ತಾರೆ. ಮುಂದಿನ ಭಾಗಕ್ಕೆ ಹಣ ಸಿಗುತ್ತದೆಯೋ ಇಲ್ಲವೋ ಎಂಬುದು ಕಥೆಗಾರರ ಕೈಯಲ್ಲಿಲ್ಲ. ಹಾಗಾಗಿ ಈ ಆಟ ಎತ್ತಿದ ಪ್ರಶ್ನೆಗೆ ಈ ಆಟದಲ್ಲೇ ಉತ್ತರ ಕೊಟ್ಟು, ಆ ಉತ್ತರದಿಂದ ಯಾರಿಗೆ ತೊಂದರೆಯಾಯಿತು ಎಂಬುದನ್ನು ಮಾತ್ರ ಕೊನೆಯ ದೃಶ್ಯದ ಒಂದು ಮೂಲೆಯಲ್ಲಿ ತೋರಿಸಿ ಬಿಡಿ.